ಇಂದಾಪುರದ ಸರಪಳಿ ಮತ್ತು ನಮ್ಮ ಎರಡು ಗುಂಟೆ

ಮೂವತ್ತು ವರ್ಷಗಳಿಂದ ಬ್ಯಾಂಕಿನಲ್ಲಿ ಕೂತು ಬೇರೆಯವರ ಮನೆ ಸಾಲದ ಕಾಗದಗಳನ್ನು ನೋಡಿದವನು ನಾನು. ಟೈಟಲ್ ಸರ್ಚ್ ಬಂತಾ, ವ್ಯಾಲ್ಯುಯೇಷನ್ ಬಂತಾ, ತೆರಿಗೆ ರಸೀದಿ ಇದೆಯಾ, ಎಲ್ಲಕ್ಕೂ ಟಿಕ್ ಹಾಕಿ ಸಹಿ ಮಾಡುವುದು ಕೈಗೆ ರೂಢಿಯಾಗಿಬಿಟ್ಟಿದೆ. ಆದರೆ ಸ್ವಂತಕ್ಕೆ ಒಂದು ಮನೆ ಕೊಳ್ಳುವ ಹೊತ್ತು ಬಂದಾಗ ಮಾತ್ರ, ಇಷ್ಟು ವರ್ಷ ಯಾವ ಗಿರಾಕಿಗೂ ಕೇಳದ ಒಂದು ಪ್ರಶ್ನೆ ನನ್ನನ್ನೇ ಕಾಡಲು ಶುರುವಾಯಿತು. "ಈ ಜಾಗವನ್ನು ಯಾರಾದರೂ ಅಳೆದು ನೋಡಿದ್ದಾರಾ?"

ಮನೆ ಪುಣೆಯ ಹೊರವಲಯದಲ್ಲಿ. ಹಳೆಯ, ಗಟ್ಟಿ ಗೋಡೆಯ ಸಣ್ಣ ಬಂಗಲೆ, ಹಿಂದೆ ಒಂದು ಕರಿಬೇವು, ಮುಂದೆ ಪಾರಿಜಾತ. ಕಾಗದದ ಪ್ರಕಾರ ಎರಡು ಗುಂಟೆ ಜಾಗ, 33 ಅಡಿ ಅಗಲ, 66 ಅಡಿ ಉದ್ದ. ಮಾರುವವರು ವಯಸ್ಸಾದವರು, ಮಗಳ ಬಳಿ ಹೋಗಿ ಇರುವ ಅವಸರ. ನನ್ನ ಮಗ ಹೇಳಿದ: "ಅಪ್ಪ, ಗೂಗಲ್ ಮ್ಯಾಪ್‌ನಲ್ಲೇ ಕಾಣುತ್ತೆ, ಸುತ್ತಲೂ ಕಂಪೌಂಡ್ ಇದೆ, ಇನ್ನು ಮೋಜಣಿ ಯಾಕೆ? ಸುಮ್ಮನೆ ತಡ." ಮಧ್ಯಸ್ಥನೂ ಅದನ್ನೇ ಹೇಳಿದ. ವಕೀಲರು ಮಾತ್ರ ಭುಜ ಕುಣಿಸಿ, "ಮಾಡಿಸಿದರೆ ಒಳ್ಳೆಯದು, ಮಾಡಿಸದಿದ್ದರೂ ರಿಜಿಸ್ಟ್ರೇಷನ್ ಆಗುತ್ತೆ" ಅಂದರು. ಆ ಕೊನೆಯ ಮಾತೇ ನನ್ನ ತಲೆಯಲ್ಲಿ ಹುಳ ಬಿಟ್ಟಿದ್ದು. ಅಳೆಯದೆಯೇ ನೋಂದಣಿ ಆಗುತ್ತದೆ! ಅದು ಹೇಗೆ? ಈ ಪ್ರಶ್ನೆ ಹಿಡಿದು ಹೊರಟವನಿಗೆ ಉತ್ತರ ಸಿಕ್ಕಿದ್ದು ಸುಮಾರು ಇನ್ನೂರು ವರ್ಷ ಹಿಂದೆ, ಇದೇ ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ.

ಹಾಗಂತ ಅಳತೆ ಅನ್ನೋದು ಇಂಗ್ಲಿಷರು ತಂದ ವಿದ್ಯೆಯೇನಲ್ಲ. ನಮ್ಮ ಕನ್ನಡ ಶಾಸನಗಳಲ್ಲಿ ದಾನದ ಭೂಮಿಯ ಲೆಕ್ಕ ಮತ್ತರು, ಕಮ್ಮಗಳಲ್ಲಿ ಬರುತ್ತದೆ. ಯಾವ ಗಳೆಯಿಂದ, ಅಂದರೆ ಯಾವ ಅಳತೆಕೋಲಿನಿಂದ ಅಳೆದದ್ದು ಎಂದೂ ಎಷ್ಟೋ ಕಡೆ ಸ್ಪಷ್ಟವಾಗಿ ಬರೆಸಿರುತ್ತಾರೆ. ಯಾಕೆಂದರೆ ಊರಿಗೊಂದು ಕೋಲು. ಕೋಲು ಬದಲಾದರೆ ಹೊಲವೂ ಬದಲಾಯಿತು! ಅಳತೆಯ ಜೊತೆಗೆ ಎಲ್ಲೆಯ ವಿವರ: ಮೂಡಲಿಗೆ ಇಂಥ ಮರ, ತೆಂಕಲಿಗೆ ಇಂಥ ಹುತ್ತ, ಪಡುವಲಿಗೆ ಹಳ್ಳ, ಬಡಗಲಿಗೆ ನಟ್ಟ ಕಲ್ಲು. ದಾನದ ಭೂಮಿಯ ಎಲ್ಲೆಯಲ್ಲಿ ವಾಮನಮುದ್ರೆಯ ಕಲ್ಲು, ಲಿಂಗಮುದ್ರೆಯ ಕಲ್ಲುಗಳನ್ನು ನೆಡುತ್ತಿದ್ದರು. ಮೂರು ಹೆಜ್ಜೆಯಲ್ಲಿ ಲೋಕ ಅಳೆದ ವಾಮನನನ್ನೇ ಸರ್ವೇಯರ್ ಆಗಿ ನಿಲ್ಲಿಸಿದ್ದು ನೋಡಿ, ಎಂಥ ತಮಾಷೆ, ಎಂಥ ಬುದ್ಧಿ!

ಆ ಎಲ್ಲೆಯ ವಿವರ ಇವತ್ತಿಗೂ ಸತ್ತಿಲ್ಲ. ನಿಮ್ಮ ಖರೀದಿ ಪತ್ರ ತೆಗೆದು ನೋಡಿ. ಕನ್ನಡದಲ್ಲಿದ್ದರೆ ಚಕ್ಕುಬಂದಿ, ಮರಾಠಿಯಲ್ಲಿದ್ದರೆ ಚತುಃಸೀಮಾ. ಮರದ ಬದಲು ಈಗ "ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ" ಅಂತ ಇರುತ್ತದೆ, ಅಷ್ಟೇ. ಕೋರ್ಟಿನಲ್ಲಿ ಅಳತೆಗೂ ಚಕ್ಕುಬಂದಿಗೂ ತಾಳೆ ಬೀಳದೆ ಹೋದರೆ ಸಾಮಾನ್ಯವಾಗಿ ಚಕ್ಕುಬಂದಿಗೇ ಹೆಚ್ಚು ಬೆಲೆ. ಹಳೆಯ ಪತ್ರಗಳಲ್ಲಿ ಅಳತೆಯ ಪಕ್ಕ "ಅದಕ್ಕಿಂತ ಹೆಚ್ಚು ಕಡಿಮೆ" ಎಂಬ ಮಾತು ಮೆಲ್ಲಗೆ ಕೂತಿರುತ್ತದೆ. ಆ ಮೂರು ಶಬ್ದದಲ್ಲಿ ಎಷ್ಟು ಅಡಿ ನುಂಗಿ ಹೋಗಬಹುದು ಎಂದು ಆಮೇಲೆ ಹೇಳುತ್ತೇನೆ.

1818ರಲ್ಲಿ ಪೇಶ್ವೆಗಳ ಆಡಳಿತ ಮುಗಿದು ಪುಣೆ ಕಂಪನಿಯ ಕೈಗೆ ಬಂತು. ಆಳುವುದಕ್ಕೆ ದುಡ್ಡು ಬೇಕು, ದುಡ್ಡು ಬರುವುದು ಭೂಮಿಯಿಂದ. 1820ರ ದಶಕದ ಕೊನೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿಗೆ ಅಳತೆಯ ಕೆಲಸ ಬಿತ್ತು. ಈತ ಓದಿಕೊಂಡವನು. ನಾವೆಲ್ಲ ಬಿ.ಕಾಂ.ನಲ್ಲಿ ಹತ್ತು ಅಂಕಕ್ಕೆ ಬಾಯಿಪಾಠ ಮಾಡಿದ ರಿಕಾರ್ಡೋನ ಗೇಣಿ ಸಿದ್ಧಾಂತ ಇದೆಯಲ್ಲ, ಅದನ್ನು ಈತ ನಿಜವಾದ ಹೊಲಗಳ ಮೇಲೆ ಪ್ರಯೋಗಿಸಲು ಹೊರಟ! ಪ್ರತಿ ಹೊಲದ ಬೆಳೆ ಎಷ್ಟು, ಖರ್ಚು ಎಷ್ಟು, ಉಳಿದ ನಿವ್ವಳ ಎಷ್ಟು ಎಂದು ಲೆಕ್ಕ ಹಾಕಿ ಅದರಲ್ಲಿ ನೂರಕ್ಕೆ 55 ಪಾಲು ಸರಕಾರಕ್ಕೆ ಎಂಬ ಯೋಜನೆ. ಕಾಗದದ ಮೇಲೆ ಚೆಂದ. ನೆಲದ ಮೇಲೆ? ಅಳತೆಯಲ್ಲಿ ತಪ್ಪು, ಮಣ್ಣಿನ ತರಗತಿ ಹಾಕುವಲ್ಲಿ ಲಂಚ, ಮೇಲಿಂದ ಧಾನ್ಯದ ಬೆಲೆ ಬಿದ್ದ ಕಾಲ. 1830ರಲ್ಲಿ ಹೊಸ ಕಂದಾಯ ಜಾರಿಗೆ ಬಂತು, ಕೆಲವೇ ವರ್ಷಗಳಲ್ಲಿ ರೈತರು ಹೊಲ ಬಿಟ್ಟು ಹೋಗತೊಡಗಿದರು. ಇಂದಾಪುರದಲ್ಲಿ ಭೂಮಿ ಪಾಳು ಬಿತ್ತು.

ಆಗ ಬಂದವರು ಇಬ್ಬರು. ಒಬ್ಬ ಸಿವಿಲ್ ಅಧಿಕಾರಿ ಗೋಲ್ಡ್‌ಸ್ಮಿಡ್, ಇನ್ನೊಬ್ಬ ಎಂಜಿನಿಯರ್ ಪಡೆಯ ಲೆಫ್ಟಿನೆಂಟ್ ವಿಂಗೇಟ್. 1835-36ರಲ್ಲಿ ಇಂದಾಪುರದಲ್ಲೇ ಕೆಲಸ ಶುರು ಮಾಡಿದರು. ಇವರು ನಿವ್ವಳ ಆದಾಯದ ಗೋಜಿಗೆ ಹೋಗಲಿಲ್ಲ. ಸರಳವಾಗಿ ಯೋಚಿಸಿದರು. ಒಂದು ಜೋಡಿ ಎತ್ತು ಉಳಬಹುದಾದಷ್ಟು ನೆಲವನ್ನು ಅಂದಾಜಾಗಿ ಒಂದು ಘಟಕ ಮಾಡಿ ಅದಕ್ಕೊಂದು ನಂಬರ್ ಕೊಟ್ಟರು. ಅದೇ ನಮ್ಮ ಸರ್ವೇ ನಂಬರ್. ಮಣ್ಣು ಅಗೆದು ಆಳ ನೋಡಿದರು. ಒಂದೂ ಮುಕ್ಕಾಲು ಮೊಳ ಆಳದ ಉತ್ತಮ ಮಣ್ಣಿಗೆ ಪೂರ್ತಿ 16 ಆಣೆ. ಮರಳಿದ್ದರೆ, ಸುಣ್ಣಕಲ್ಲಿದ್ದರೆ, ಇಳಿಜಾರಿದ್ದರೆ ಆಣೆ ಕಡಿಮೆ. ಒಮ್ಮೆ ಗೊತ್ತು ಮಾಡಿದ ಕಂದಾಯ ಮೂವತ್ತು ವರ್ಷ ಏರುವುದಿಲ್ಲ ಎಂಬ ಭರವಸೆ. ಈ ಅನುಭವವನ್ನೆಲ್ಲ ಸೇರಿಸಿ 1847ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಮೂವರೂ ಕೂಡಿ ಬರೆದ ಜಂಟಿ ವರದಿಯೇ ಮುಂಬಯಿ ಪ್ರಾಂತದ ಭೂಮಾಪನಕ್ಕೆ ಪಂಚಾಂಗವಾಯಿತು.

ಇವರ ಕೈಯಲ್ಲಿದ್ದ ಹತಾರಗಳನ್ನು ಕೇಳಿದರೆ ನಗು ಬರುತ್ತದೆ. ಒಂದು ಕಬ್ಬಿಣದ ಸರಪಳಿ, ಲಂಬಕೋನ ನೋಡಲು ಒಂದು ಕ್ರಾಸ್‌ಸ್ಟಾಫ್, ಕೆಲವು ಗೂಟ, ಬಾವುಟ. 1620ರ ಸುಮಾರಿಗೆ ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 66 ಅಡಿಯ ಸರಪಳಿ ಬಳಕೆಗೆ ತಂದಿದ್ದ. ನಮ್ಮಲ್ಲಿ ಓಡಾಡಿದ್ದು ಅದರ ಅರ್ಧ, 33 ಅಡಿ. ಅದನ್ನು ನಮ್ಮ ರೂಪಾಯಿಯ ಹಾಗೆ 16 ಆಣೆಗಳಾಗಿ ಭಾಗ ಮಾಡಿದ್ದರು. ಬ್ಯಾಂಕಿನವನಿಗೆ ಲೆಕ್ಕ ಬಿಟ್ಟರೆ ಸಮಾಧಾನವಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. 33 ಅಡಿಗೆ 33 ಅಡಿ, ಅಂದರೆ 1089 ಚದರಡಿ ಒಂದು ಗುಂಟೆ. 40 ಗುಂಟೆಗೆ 43,560 ಚದರಡಿ, ಕರಾರುವಾಕ್ಕಾಗಿ ಒಂದು ಎಕರೆ. ಗುಂಟೆಯಲ್ಲಿ 16 ಆಣೆ. ಒಂದು ಆಣೆ ಎಂದರೆ 33 ಅಡಿ ಉದ್ದ, ಎರಡಡಿ ಮುಕ್ಕಾಲಂಗುಲ ಅಗಲದ ಒಂದು ಪಟ್ಟಿ. ಹೊಲವನ್ನು ತ್ರಿಕೋನಗಳಾಗಿ ಒಡೆಯುವುದು, ಪಾದವನ್ನು ಅರ್ಧ ಎತ್ತರದಿಂದ ಗುಣಿಸುವುದು. ಏಳನೆಯ ತರಗತಿಯ ಗಣಿತ! ಅಳೆದದ್ದನ್ನು ಅಲ್ಲೇ ಟಿಪ್ಪಣದಲ್ಲಿ ಬರೆಯುವುದು. ಮೂಲೆಗಳಲ್ಲಿ ಕಲ್ಲು ನೆಡುವುದು, ನಡುವೆ ಉಳದ ಪಟ್ಟಿ ಬಿಡುವುದು. ಆ ಕಲ್ಲೇ ನಮ್ಮ ಕಡೆಯ ಬಾಂದುಕಲ್ಲು.

1840ರ ದಶಕದಲ್ಲಿ ಇದೇ ಸರಪಳಿ ಧಾರವಾಡ, ಬೆಳಗಾವಿ ಕಡೆ ಬಂತು. 1863ರಲ್ಲಿ ಮೈಸೂರು ಸಂಸ್ಥಾನವೂ ಮುಂಬಯಿ ಪದ್ಧತಿಯನ್ನೇ ಹಿಡಿಯಿತು. ಹೀಗಾಗಿ ಪುಣೆಗೆ ಬಂದ ನನಗೆ ಇಲ್ಲಿಯ ಕಂದಾಯ ಕಚೇರಿಯ ಭಾಷೆ ಎಂದೂ ಪರಕೀಯ ಅನ್ನಿಸಲೇ ಇಲ್ಲ. ಅಲ್ಲೂ ಉತಾರ, ಇಲ್ಲೂ ಉತಾರಾ. ಅಲ್ಲಿ ಪೋಡಿ, ಹಿಸ್ಸಾ, ಖರಾಬು, ಇಲ್ಲಿ ಫೋಡ್, ಪೋಟ್‌ಹಿಸ್ಸಾ, ಪೋಟ್‌ಖರಾಬಾ. ನಾವು ಪಹಣಿ ಅನ್ನುವುದಕ್ಕೆ ಇವರು ಸಾತ್‌ಬಾರಾ ಅನ್ನುತ್ತಾರೆ, ಗ್ರಾಮದ ಏಳನೆಯ ಮತ್ತು ಹನ್ನೆರಡನೆಯ ನಮೂನೆಗಳು ಒಂದೇ ಹಾಳೆಯಲ್ಲಿ ಬರುವುದರಿಂದ. ಭಾಷೆ ಬೇರೆಯಾದರೂ ಗುಮಾಸ್ತರ ಗೋತ್ರ ಒಂದೇ.

ಇಲ್ಲಿ ನಾವು ಗಮನಿಸಬೇಕಾದ ಮಾತು ಒಂದಿದೆ. ಇಡೀ ಈ ಅಳತೆ ನಡೆದದ್ದು ಕಂದಾಯಕ್ಕಾಗಿ, ಒಡೆತನಕ್ಕಾಗಿ ಅಲ್ಲ. ಸರಕಾರಕ್ಕೆ ಬೇಕಾಗಿದ್ದು "ಈ ನಂಬರಿನ ಹಣ ಯಾರು ಕಟ್ಟುತ್ತಾರೆ" ಎಂಬ ಉತ್ತರ. ಹತ್ತಿಪ್ಪತ್ತು ಎಕರೆಯ ಹೊಲದಲ್ಲಿ ಮೂರಡಿ ಆಚೀಚೆಯಾದರೆ ಕಂದಾಯದಲ್ಲಿ ವ್ಯತ್ಯಾಸವಾಗುವುದು ಕೆಲವು ಪೈ. ಯಾರು ತಲೆ ಕೆಡಿಸಿಕೊಂಡಾರು? ಯಾರ ಹಕ್ಕು ಎಷ್ಟು ಎಂಬ ಹಕ್ಕುದಾಖಲೆಯ ಕಾಯ್ದೆ ಮುಂಬಯಿ ಪ್ರಾಂತದಲ್ಲಿ ಬಂದದ್ದೇ 1903ರಲ್ಲಿ. ಅದರಲ್ಲಿಯ ನಮೂದು ಕೂಡ "ಬೇರೆ ರುಜುವಾತು ಬರುವ ತನಕ ನಿಜ" ಎಂಬ ಮಟ್ಟದ್ದು. ಇನ್ನು 1908ರ ನೋಂದಣಿ ಕಾಯ್ದೆ. ಅಲ್ಲಿ ನೋಂದಾಯಿಸುವುದು ದಸ್ತಾವೇಜನ್ನು. ಮಾರುವವನಿಗೆ ಆ ನೆಲ ನಿಜವಾಗಿ ಇದೆಯೇ, ಇದ್ದರೆ ಎಷ್ಟಿದೆ ಎಂದು ಸಬ್ ರಿಜಿಸ್ಟ್ರಾರ್ ಟೇಪು ಹಿಡಿದು ಹೋಗುವುದಿಲ್ಲ. 1858ರಲ್ಲೇ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಟಾರೆನ್ಸ್ ಎಂಬಾತ, ಒಡೆತನಕ್ಕೆ ಸರಕಾರವೇ ಜಾಮೀನು ನಿಲ್ಲುವ ಪದ್ಧತಿ ತಂದ. ನಮ್ಮಲ್ಲಿ ಆ ಜಾಮೀನು ಇಲ್ಲ. ನಮ್ಮ ವಕೀಲರ "ಮಾಡಿಸದಿದ್ದರೂ ರಿಜಿಸ್ಟ್ರೇಷನ್ ಆಗುತ್ತೆ" ಎಂಬ ಮಾತಿನ ಬೇರು ಇಲ್ಲಿದೆ.

ಇನ್ನೂ ಒಂದಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮು, ಮಾರುವವನು ಆಸ್ತಿಯ ದೋಷವನ್ನು ತಿಳಿಸಬೇಕು ಎನ್ನುತ್ತದೆ. ಆದರೆ ಕೊಳ್ಳುವವನು ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುತ್ತಿದ್ದ ದೋಷಕ್ಕೆ ಆ ರಕ್ಷಣೆ ಇಲ್ಲ. ಟೇಪು ಹಿಡಿದಿದ್ದರೆ ತಿಳಿಯುತ್ತಿದ್ದ ಮೂರಡಿ ಯಾವ ಲೆಕ್ಕಕ್ಕೆ ಸೇರುತ್ತದೆ? ನೀವೇ ಹೇಳಿ.

ಇಷ್ಟೆಲ್ಲ ಓದಿದರೂ ನಾನು ಮೋಜಣಿಗೆ ಹಟ ಹಿಡಿದದ್ದು ಕಾಯ್ದೆಯ ಕಾರಣಕ್ಕಲ್ಲ. ನಮ್ಮಪ್ಪನ ಕಾರಣಕ್ಕೆ.

ಧಾರವಾಡ ಜಿಲ್ಲೆಯ ನಮ್ಮೂರಲ್ಲಿ ನಮ್ಮದು ಎಂಟು ಎಕರೆ ಹನ್ನೆರಡು ಗುಂಟೆಯ ಎರಿ ಹೊಲ. 1974ರಲ್ಲಿ ಅಪ್ಪ ಮತ್ತು ಕಾಕಾ ಪಾಲಾದರು. ಸಮ ಪಾಲು, ತಲಾ ನಾಲ್ಕು ಎಕರೆ ಆರು ಗುಂಟೆ. ಪೋಡಿ ಮಾಡಿಸಲಿಲ್ಲ. ಮನೆಯವರೇ ಅಲ್ಲವೇ, ಸರ್ವೇಯರ್ ಯಾಕೆ ಬೇಕು ಎಂದು ಊರ ಹಿರಿಯರು ಹಗ್ಗ ಹಿಡಿದು ನಡುವೆ ಒಂದು ಬದು ಹಾಕಿಸಿದರು. ಹತ್ತು ವರ್ಷದ ಮೇಲೆ ಅಪ್ಪನಿಗೆ ಯಾಕೋ ಸಂಶಯ ಬಂತು. ಹಗ್ಗದಿಂದ ಅಳೆದರು. ಐದು ಗುಂಟೆ ಕಡಿಮೆ! "ತಮ್ಮ ಬದು ಸರಿಸ್ಯಾನ" ಎಂದು ಅವರು ನಂಬಿಬಿಟ್ಟರು. ಕಾಕಾ ದೇವರ ಮೇಲೆ ಆಣೆ ಮಾಡಿದರೂ ಕೇಳಲಿಲ್ಲ. ಮಾತು ನಿಂತಿತು. ಹಬ್ಬಕ್ಕೆ ಹೋಳಿಗೆ ಹೋಗುವುದು ನಿಂತಿತು. ನನ್ನ ಮದುವೆಗೆ ಕಾಕಾ ಬರಲಿಲ್ಲ, ಅವರ ಮಗಳ ಮದುವೆಗೆ ನಾವು ಹೋಗಲಿಲ್ಲ. ಸರ್ವೇ ಅರ್ಜಿ ಹಾಕಿ ಎಂದು ನಾನು ಒಮ್ಮೆ ಹೇಳಿದೆ. "ನನ್ನ ಹೊಲ ನನಗ ಗೊತ್ತಿಲ್ಲೇನು?" ಎಂದು ಅಪ್ಪ ಸಿಟ್ಟಾದರು. 1998ರಲ್ಲಿ ಅಪ್ಪ ತೀರಿಕೊಂಡರು. ಕಾಕಾ ಬಂದು ದೂರದಲ್ಲಿ ನಿಂತು ಹೋದರು.

2006ರಲ್ಲಿ, ಕಾಕಾನ ಮಗ ಮತ್ತು ನಾನು ಇಬ್ಬರೂ ಕೂಡಿ ಹದ್ದುಬಸ್ತಿಗೆ ಅರ್ಜಿ ಕೊಟ್ಟೆವು. ಸರ್ವೇಯರ್ ಹಳೆಯ ಟಿಪ್ಪಣ ತಂದರು, ಹುಡುಕಿ ಎರಡು ಬಾಂದುಕಲ್ಲು ತೆಗೆಸಿದರು. ಒಂದಂತೂ ಜಾಲಿ ಕಂಟಿಯ ಬೇರಿನೊಳಗೆ ಹೂತು ಹೋಗಿತ್ತು. ದಿನವಿಡೀ ಅಳೆದು, ಸಂಜೆ ಬೇವಿನ ಮರದ ಕೆಳಗೆ ಕೂತು ಲೆಕ್ಕ ಹಾಕಿ, ಬಾಯಲ್ಲಿದ್ದ ಎಲಿ ಅಡಿಕಿ ಉಗುಳಿ ಬಂದು ಅವರು ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. "ನಿಮ್ಮ ಕಾಕಾ ಏನೂ ತಿಂದಿಲ್ರಿ ಸಾಹೇಬ್ರ. ಬದು ಇದ್ದಲ್ಲೇ ಐತಿ. ತಿಂದಿದ್ದು ಹಳ್ಳ."

ನಮ್ಮ ಪಾಲಿನ ಪಡುವಣ ಅಂಚಿಗೆ ಹಳ್ಳ ಹರಿಯುತ್ತದೆ. ಆ ಅಂಚು ಸುಮಾರು 660 ಅಡಿ ಉದ್ದ. ಮೂವತ್ತು ಮಳೆಗಾಲದಲ್ಲಿ ಹಳ್ಳ ಎಂಟೂ ಕಾಲು ಅಡಿ ಒಳಗೆ ಬಂದಿತ್ತು, ಅಷ್ಟೇ. ಗುಣಿಸಿ ನೋಡಿ, ಸರಿಯಾಗಿ ಐದು ಗುಂಟೆ. ಆ ಹೊತ್ತಿಗೆ ಕಾಕಾಗೆ ಎಂಬತ್ತರ ಹತ್ತಿರ. ಹೋಗಿ ಕಾಲು ಹಿಡಿದೆ. ಅವರು ಏನೂ ಅನ್ನಲಿಲ್ಲ. "ಚಹಾ ಕುಡದು ಹೋಗು" ಅಂದರು.

ಈ ಹಿನ್ನೆಲೆ ಇಟ್ಟುಕೊಂಡು ಪುಣೆಯ ಮನೆಗೆ ಬನ್ನಿ. ಮೋಜಣಿಗೆ ಅರ್ಜಿ ಹಾಕಬೇಕಾದವರು ಉತಾರಾದಲ್ಲಿ ಹೆಸರಿರುವ ಮಾಲಕರು, ಕೊಳ್ಳುವ ನಾನಲ್ಲ. ಮಾರುವವರಿಗೆ ಹೇಳಲು ಮೊದಲು ಸಂಕೋಚವಾಯಿತು, ಅಪನಂಬಿಕೆ ಅಂತ ತಿಳಿದುಕೊಂಡಾರೇನೋ ಎಂದು. ಕಡೆಗೆ ಹಳ್ಳದ ಕಥೆಯನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕೋಣ, ಶುಲ್ಕ ನೀವು ಕಟ್ಟಿ" ಅಂದರು. ಅಕ್ಕಪಕ್ಕದವರಿಗೆಲ್ಲ ನೋಟಿಸು ಹೋಯಿತು. ಒಂದೂವರೆ ತಿಂಗಳು ತಡವಾಯಿತು, ಮಗ ಗೊಣಗಿದ, ಮಧ್ಯಸ್ಥ ಬೇರೆ ಗಿರಾಕಿ ಇದ್ದಾರೆ ಎಂದು ಹೆದರಿಸಿದ. ಬಂದ ಭೂಮಾಪಕ ಮೂವತ್ತರ ಒಳಗಿನ ಹುಡುಗ. ಕೈಯಲ್ಲಿ ಸರಪಳಿ ಇಲ್ಲ, ಉಪಗ್ರಹದ ಜೊತೆ ಮಾತಾಡುವ ರೋವರ್ ಎಂಬ ಕೋಲು. ಆದರೆ ಅವನು ಮೊದಲು ಬಿಚ್ಚಿದ್ದು ಹಳೆಯ ನಕ್ಷೆಯನ್ನೇ. ಹೊಸ ಕೋಲಿಗೂ ಹಳೆಯ ಕಲ್ಲು ಬೇಕು!

ಫಲಿತಾಂಶ: ಉದ್ದ ಸರಿ, 66 ಅಡಿ. ಅಗಲ 33ರ ಬದಲು 30. ಪೂರ್ವದ ನೆರೆಯವರ ಗೋಡೆ ಮೂರಡಿ ಈಚೆಗೆ ಇದೆ. 2178 ಚದರಡಿ ಎಂದು ಕಾಗದ, 1980 ಚದರಡಿ ನೆಲ. 198 ಚದರಡಿ "ಅದಕ್ಕಿಂತ ಹೆಚ್ಚು ಕಡಿಮೆ"ಯಲ್ಲಿ ಹೋಗಿತ್ತು. ಸುಮಾರು ಮೂರು ಆಣೆ. ಮಾರುವವರ ಮುಖ ಬಿಳಿಚಿತು. ಅವರಿಗೂ ಗೊತ್ತಿರಲಿಲ್ಲ. ಗೋಡೆ ಕಟ್ಟಿ ಇಪ್ಪತ್ತು ವರ್ಷದ ಮೇಲಾಗಿತ್ತು, ನೆರೆಯವರಿಗೂ ಅದು ಹೊಸ ಸುದ್ದಿ.

ಮಗ ಈಗ ಕೋರ್ಟಿಗೆ ಹೋಗೋಣ ಅಂದ! ವಕೀಲರು 1963ರ ಕಾಲಮಿತಿ ಕಾಯ್ದೆ ತೋರಿಸಿ, ಹನ್ನೆರಡು ವರ್ಷ ದಾಟಿದ ಮೇಲೆ ಗೋಡೆ ಸರಿಸುವ ದಾವೆ ಗೆಲ್ಲುವುದು ಕಷ್ಟ ಎಂದರು. ನನಗಂತೂ ಇನ್ನೊಂದು ಬದುವಿನ ಜಗಳ ಬೇಡವಾಗಿತ್ತು. ಇರುವ 1980 ಚದರಡಿಗೆ ಮಾತ್ರ ಬೆಲೆ ಕಟ್ಟಿದೆವು. ಪತ್ರದಲ್ಲಿ ನಿಜವಾದ ಅಳತೆ ಬರೆಸಿದೆವು, ಮೋಜಣಿಯ ನಕ್ಷೆಯನ್ನು ಜೊತೆಗೆ ಲಗತ್ತಿಸಿದೆವು. ನೆರೆಯವರೂ ಗೋಡೆಯೇ ಎಲ್ಲೆ ಎಂದು ಒಪ್ಪಿ ಬರೆದುಕೊಟ್ಟರು. ಗೃಹಪ್ರವೇಶದ ದಿನ ಮೊದಲು ಬಂದವರೇ ಅವರು. ಮೋಜಣಿಯ ಶುಲ್ಕ ಉಳಿತಾಯದ ಮುಂದೆ ಏನೂ ಅಲ್ಲ, ಅದು ಬೇರೆ ಮಾತು.

ಮುಂಬಯಿ, ಪುಣೆಯ ನಮ್ಮವರಲ್ಲಿ ಬಹಳಷ್ಟು ಜನ ಫ್ಲ್ಯಾಟಿನವರು, ನಮಗೆ ಇದೆಲ್ಲ ಯಾಕೆ ಎನ್ನಬಹುದು. ನಿಮ್ಮ ಫ್ಲ್ಯಾಟಿನ ಕೆಳಗೂ ಒಂದು ನೆಲ ಇದೆಯಲ್ಲ! ಆ ನೆಲ ಸೊಸೈಟಿಯ ಹೆಸರಿಗೆ ಆಗಿದೆಯೇ, ಅದರ ಅಳತೆ ಪ್ರಾಪರ್ಟಿ ಕಾರ್ಡಿನ ಜೊತೆ ತಾಳೆಯಾಗುತ್ತದೆಯೇ ಎಂದು ಮುಂದಿನ ಸಭೆಯಲ್ಲಿ ಒಮ್ಮೆ ಕೇಳಿ. ಕಟ್ಟಡ ಕೆಡವಿ ಕಟ್ಟುವ ಹೊತ್ತಿಗೆ ಅದೇ ಪ್ರಶ್ನೆ ಎದ್ದು ಕೂರುತ್ತದೆ. ಮತ್ತು ಊರಲ್ಲಿ ಅಣ್ಣ ತಮ್ಮಂದಿರ ನಡುವೆ ಪೋಡಿಯಾಗದ ಹೊಲ ಇದ್ದರೆ, ಮುಂದಿನ ರಜೆಗೆ ಹೋದಾಗ ಎಲ್ಲರೂ ಕೂಡಿ ಒಂದು ಅರ್ಜಿ ಹಾಕಿ. ಮನಸ್ಸು ಚೆನ್ನಾಗಿರುವಾಗಲೇ ಹಾಕಿ. ಕೆಟ್ಟ ಮೇಲೆ ಸರಪಳಿಗೂ ಜಗಳದ ಬಣ್ಣ ಬರುತ್ತದೆ.

ವಿಂಗೇಟ್ ಸಾಹೇಬ ಕಂದಾಯಕ್ಕಾಗಿ ಅಳೆದ. ನಾವು ಅಳೆಯಬೇಕಾಗಿರುವುದು ಸಂಶಯ ಬೆಳೆಯದಿರಲಿ ಎಂದು. ನಮ್ಮಪ್ಪ ಹದಿನಾಲ್ಕು ವರ್ಷ ತಮ್ಮನ ಮೇಲೆ ಸಿಟ್ಟು ಇಟ್ಟುಕೊಂಡರು, ಒಂದು ದಿನದ ಸರ್ವೇ ಸಾಕಾಗಿತ್ತು. ಮೊನ್ನೆ ಹೊಸ ಮನೆಯ ಹಿತ್ತಲಲ್ಲಿ ಪೂರ್ವದ ಗೋಡೆಗೆ ಒರಗಿ ನಿಂತಿದ್ದೆ. ಆಚೆಯಿಂದ ನೆರೆಯ ಅಜ್ಜಿ ಕರಿಬೇವು ಕೇಳಿದರು. ಗೋಡೆಯ ಮೇಲಿಂದಲೇ ಕೊಟ್ಟೆ.